ಡಬ್ಬಿಯೊಳಗಿನ ಹೊಳಪು

ಶಾರದಾಬಾಯಿ ಮಸಿ ಅರೆಯುತ್ತಿದ್ದಳು. ಪಡಸಾಲೆಯಲ್ಲಿ ಕೂತ ಹೆಂಗಸರು ಅಳುವುದನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಅವಳ ಗಂಡ ಸಾತಲಿಂಗಪ್ಪನನ್ನು ಸುಣ್ಣದ ಗೋಡೆಗೆ ಆನಿಸಿ ಕೂಡ್ರಿಸಿ, ಗದ್ದಕ್ಕೆ ಬಿಳಿ ಪಟ್ಟಿ ಕಟ್ಟಿ, ಹಣೆಗೆ ವಿಭೂತಿ ಎಳೆದು ಒಂದು ತಾಸಾಗಿತ್ತು. ಭಜನೆಯವರು ತಾಳ ಹಿಡಿದಿದ್ದರು. ಇಂಥ ಹೊತ್ತಿನಲ್ಲಿ ಹೆಂಡತಿಯಾದವಳು ಎದೆ ಬಡಿದುಕೊಳ್ಳಬೇಕು, ಇಲ್ಲವೇ ಎಚ್ಚರ ತಪ್ಪಿ ಬೀಳಬೇಕು. ಇವಳು ನೋಡಿದರೆ ದೀಪದ ಮಸಿಗೆ ಜಾಲಿ ಅಂಟು ಬೆರೆಸಿ, ಹಬ್ಬದ ಚಟ್ನಿ ಅರೆಯುವವಳ ಹಾಗೆ ಅರೆಯುತ್ತಿದ್ದಾಳೆ!

ನೆರೆಮನೆಯ ಗಿರಿಜಾಬಾಯಿಗೆ ತಡೆಯಲಾಗಲಿಲ್ಲ.

"ಏ ಶಾರದಾ, ತಲಿ ನೆಟ್ಟಗ ಅದ ಇಲ್ಲೋ? ಗಂಡ ಹೊರಗ ಕುಂತಾನ, ನೀ ಒಳಗ ಕಾಡಿಗಿ ಮಾಡಾಕತ್ತೀಯಲ್ಲ!"

"ಕಾಡಿಗಿ ಅಲ್ರೀ. ಡಬ್ಬಿಗೆ ಹಚ್ಚೂದದ. ಅವರ ಫೋಟೋ ತಗೀತೀನಿ."

"ಯಾರು? ನೀನ?"

"ಮತ್ತ ಯಾರು ತಗೀತಾರ ಹೇಳ್ರಿ. ತಗಿಯಾವ್ರು ಇದ್ದವರೊಬ್ರು, ಅವರ ಹೋಗ್ಯಾರ."

ಅಕ್ಕಲಕೋಟೆಯ ಅರ್ಧ ಮನೆಗಳ ಗೋಡೆಗಳಲ್ಲಿ ಸಾತಲಿಂಗಪ್ಪ ತೆಗೆದ ಫೋಟೋಗಳಿದ್ದವು. ಅವನ ಮನೆಯ ಗೋಡೆಯಲ್ಲಿ ಅವನದೊಂದು ಇರಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ಶಾರದಾಬಾಯಿ ನೂರು ಸಲ ಕೇಳಿರಬಹುದು, ಜೋಡಿ ಕೂತು ಒಂದು ತೆಗೆಸೋಣ ಎಂದು. ಅವನು "ಆತು, ಮಳಿಗಾಲ ಮುಗೀಲಿ", "ಆತು, ಬಣ್ಣ ಒಣಗ್ಲಿ" ಅನ್ನುತ್ತಲೇ ಕಾಲ ಕಳೆದ. ಆಕೆಗೆ ತನ್ನ ತಾಯಿಯ ಮುಖ ಆಗಲೇ ಮರೆತುಹೋಗಿತ್ತು. ಸೀರೆಯ ಬಣ್ಣ ನೆನಪಿತ್ತು, ದನಿ ನೆನಪಿತ್ತು, ಮುಖ ಮಾತ್ರ ಬರುತ್ತಿರಲಿಲ್ಲ. ಇವನದೂ ಹಾಗೆಯೇ ಆಗುತ್ತದೆ ಎಂದು ಬೆಳಗಿನಿಂದ ಅವಳಿಗೆ ಒಂದೇ ಸಮನೆ ಭಯ ಹತ್ತಿತ್ತು. ಅಳುವುದಕ್ಕೆ ಮುಂದೆ ವರ್ಷಗಳಿವೆ. ಮುಖ ಇರುವುದು ಇವತ್ತೊಂದು ದಿನ.

ಅವಳು ನವಿಲುಗರಿಯ ದಂಟಿಗೆ ಅರಿವೆ ಸುತ್ತಿ, ಮಸಿಯಲ್ಲಿ ಅದ್ದಿ, ಕ್ಯಾಮೆರಾದ ಹಿಂಬಾಗಿಲು ತೆರೆದು ಒಳಗೋಡೆಗೆ ಸವರತೊಡಗಿದಳು. ಕರಿ ಬಣ್ಣ ಸವೆದ ಕಡೆಯೆಲ್ಲ ತಗಡು ಕಣ್ಣು ಬಿಟ್ಟಿತ್ತು.

ಸಾತಲಿಂಗಪ್ಪನ ಹತ್ತಿರವೇ ಕೆಲಸ ಕಲಿತ ಸೋಲಾಪುರದ ಫೋಟೋಗ್ರಾಫರ್ ಅಣ್ಣಾರಾಯ ಬೆಳಗಿನ ರೈಲಿಗೆ ಬಂದಿದ್ದ. ಹೆಗಲಲ್ಲಿ ಹೊಳೆಯುವ ಚರ್ಮದ ಚೀಲ. ಅದರೊಳಗಿನ ಕ್ಯಾಮೆರಾ ಒಂದು ಕಾಲಕ್ಕೆ ಸಾತಲಿಂಗಪ್ಪನದೇ. ಶಾರದಾಬಾಯಿ ಮೊದಲು ಅವನನ್ನೇ ಕೇಳಿದ್ದಳು.

"ಅಕ್ಕಾ, ನಿನಗ ನಾ ಏನ್ ಹೇಳ್ಲಿ," ಅಂದಿದ್ದ ಅಣ್ಣಾರಾಯ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ. "ನಾಡದು ಪೇಟ್ಯಾಗ ಲಗ್ನ ಅದ. ಇದ ಕ್ಯಾಮೆರಾದಿಂದ ಹೆಣದ ಫೋಟೋ ತಗದೀನಂತ ತಿಳದ್ರ ಒಬ್ಬ ಮದಿಮಗನೂ ನನ್ನ ಮುಂದ ಕುಂದ್ರಂಗಿಲ್ಲ. ಮಾಸ್ತರರ ಕಲಿಸಿದ ರೀತಿ ಅಲ್ಲೇನು? ಬದುಕಿದ್ದವರದು ಬ್ಯಾರೆ, ಸತ್ತವರದು ಬ್ಯಾರೆ."

ಅದು ಸುಳ್ಳಲ್ಲ. ಆ ಸೀಮೆಯ ರೀತಿಯೇ ಹಾಗಿತ್ತು. ಹೆಣ ಕಂಡ ಕ್ಯಾಮೆರಾ ಮದುವೆ ಕಾಣಬಾರದು. ಅದಕ್ಕೇ ಸಾತಲಿಂಗಪ್ಪ ಎರಡು ಕ್ಯಾಮೆರಾ ಇಟ್ಟಿದ್ದ. ಹೊಸದು ಬದುಕಿದ್ದವರಿಗೆ, ಹಳೆಯ ಮಡಿಚುವ ಜರ್ಮನಿ ಡಬ್ಬಿ ಸತ್ತವರಿಗೆ. ಹೊಸದು ಅಣ್ಣಾರಾಯನ ಪಾಲಾಗಿ ಏಳು ವರ್ಷ. ಉಳಿದದ್ದು ಹೆಣದ ಡಬ್ಬಿ. ಅದು ಶಾರದಾಬಾಯಿಯ ತೊಡೆಯ ಮೇಲಿತ್ತು.

ಸಾತಲಿಂಗಪ್ಪನ ತಮ್ಮ ಶಂಕರೆಪ್ಪ ಒಳಗೆ ಬಂದ. ಸೋಲಾಪುರದಲ್ಲಿ ಅರಿವೆ ಅಂಗಡಿ ಇಟ್ಟವನು, ಮಾತಿನಲ್ಲಿ ಕನ್ನಡಕ್ಕಿಂತ ಮರಾಠಿ ಹೆಚ್ಚು, ಎಲ್ಲದಕ್ಕೂ ಗಡಿಬಿಡಿ.

"ವೈನಿ, ಏನಿದು ತಮಾಷಾ? ಉಶೀರ ಆಗಾಕತ್ತದ, ಹೊತ್ತು ಹೊಂಟದ. ಕುಣಿ ತಯಾರದ, ಅಯ್ನೋರು ಬಂದು ಕುಂತಾರ. ಮಂದಿ ನಗ್ತಾರ."

"ನಗ್ಲಿ ಬಿಡು, ಶಂಕರೆಪ್ಪಾ. ಒಂದು ತಾಸು ಕೊಡು."

"ಜಲಮಾ ಪೂರ್ತಿ ಆ ಡಬ್ಬಿ ಹಿಡ್ಕೊಂಡು ಕುಂತಾ. ಇರೂ ಧಂದೆ ಬಿಟ್ಟಾ, ಸೋಲಾಪುರದಾಗ ಮಂದಿ ಫೋಟೋ ತೊಳಕೋತ ಉಳದಾ. ಸತ್ತ ಮ್ಯಾಲೂ ಅದ ಡಬ್ಬಿ ಏನು?"

ಶಾರದಾಬಾಯಿ ಊದಿ ಊದಿ ಮಸಿ ಒಣಗಿಸುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ದನಿಯೊಂದು ಎದ್ದಿತು.

"ನನಗ ದೇವರ ಬೆಳಕಾ ತೋರ್ಸಿದಾವ, ಹೋದ್ಯೇನೋ ಎಪ್ಪಾ! ನನ್ನ ಕೂಸಿನ ಕೊನೀ ಗುರ್ತಾ ಕೊಟ್ಟಾವ, ಹೋದ್ಯೇನೋ!"

ಬೋರಾಮಣಿಯ ಹಣಮವ್ವ. ಕುರಿ ಕಾಯುವವಳು. ಎಸ್.ಟಿ. ಕಂಡಕ್ಟರ್ ನಿಂಗಣ್ಣನಿಂದ ಸುದ್ದಿ ತಿಳಿದು ಮೊದಲ ಬಸ್ಸಿಗೇ ಬಂದಿದ್ದಳು. ಹೆಗಲ ಮೇಲೆ ದಪ್ಪ ಕರಿ ಕಂಬಳಿ. ಶಾರದಾಬಾಯಿಯ ಕೈ ನಿಂತಿತು. ಅವಳಿಗೆ ಮೊದಲು ಕಂಡದ್ದು ಹಣಮವ್ವನ ಮುಖವಲ್ಲ, ಬೆಳಕನ್ನೆಲ್ಲ ನುಂಗುವಂಥ ಆ ಕಂಬಳಿ. ಹಾಗೆ ಕಂಡದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

*

ಏಳು ವರ್ಷದ ಹಿಂದೆ ಇಂಥದೇ ಬಿಸಿಲಿನಲ್ಲಿ ಸಾತಲಿಂಗಪ್ಪ ಬೋರಾಮಣಿಗೆ ಹೋಗಿದ್ದ. ಹಣಮವ್ವನ ಒಬ್ಬನೇ ಮಗ ಅಮೋಗಸಿದ್ಧ, ನಾಲ್ಕು ವರ್ಷದವನು, ಜ್ವರದಲ್ಲಿ ತೀರಿಕೊಂಡಿದ್ದ. ಗಂಡ ಮೊದಲೇ ಇರಲಿಲ್ಲ. "ಒಂದು ಫೋಟೋ ಆಗ್ಲಿಕ್ಕೇ ಬೇಕು, ಆಮ್ಯಾಲ ಮಣ್ಣು" ಎಂದು ಅವಳು ಹಟ ಹಿಡಿದು ಕೂತಿದ್ದಳು.

ಬೀರೋಬಾನ ಗುಡಿಯ ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಅದರ ಮುಂದೆಯೇ ಮಗುವನ್ನು ಕೂಡ್ರಿಸಿದರು. ಸಾತಲಿಂಗಪ್ಪ ಫಿಲಂ ಹಾಕಲು ಡಬ್ಬಿ ತೆರೆದಾಗ ಒಳಗಿನ ಕಪ್ಪು ಉದುರಿ ತಗಡು ಹೊಳೆಯುವುದು ಕಂಡಿತು. ಹೆಗಲ ಚೀಲದಲ್ಲಿ ಹೊಸ ಕ್ಯಾಮೆರಾ ಇತ್ತು. ಮರುದಿನ ಮಂಗಳವೇಢೆಯಲ್ಲಿ ಮದುವೆ. ಎರಡು ನಿಮಿಷ ಅವನು ಚೀಲದ ಗುಂಡಿಯ ಮೇಲೆ ಕೈಯಿಟ್ಟು ನಿಂತ. ಸುತ್ತ ಜನ ನಿಂತಿದ್ದರು. ಹೊಸದನ್ನು ಹೊರಗೆ ತೆಗೆದರೆ ಸಂಜೆಯೊಳಗೆ ಮಂಗಳವೇಢೆಗೆ ಸುದ್ದಿ ಮುಟ್ಟುತ್ತಿತ್ತು.

"ಹೆಣದ ಫೋಟೋ ಅಲ್ಲೇನು, ನಡೀತದ ಅಂದೆ," ಎಂದು ಆಮೇಲೆ ಅವನು ಶಾರದಾಬಾಯಿಗೆ ಹೇಳಿದ್ದ. "ನನ್ನ ಬಾಯಾಗ ಬಂದದ್ದು ಅದ ಮಾತು. ನಡೀತದ."

ಫೋಟೋ ತೊಳೆದಾಗ ಕುಂಚಿಗೆ ಇತ್ತು, ಕೈಯ ಬೆಳ್ಳಿ ಕಡಗ ಇತ್ತು, ಕಾಲ ಗೆಜ್ಜೆಯ ಒಂದೊಂದು ಮಣಿಯೂ ಇತ್ತು. ಮುಖ ಇರಲಿಲ್ಲ. ಸುಣ್ಣದ ಗೋಡೆಯ ಬಿಸಿಲು ಡಬ್ಬಿಯೊಳಗೆ ನುಗ್ಗಿ, ಹೊಳೆಯುವ ತಗಡಿಗೆ ಬಡಿದು, ತಿರುಗಿ ಫಿಲಮ್ಮಿನ ನಡುಮಧ್ಯಕ್ಕೆ ಬಿದ್ದಿತ್ತು. ಮುಖದ ಜಾಗದಲ್ಲಿ ಜೋಳದ ರೊಟ್ಟಿಯಂಥ ಒಂದು ಬಿಳಿ ದುಂಡು.

ನಾಲ್ಕನೇ ದಿನ ಅವನು ಅದನ್ನು ಹಿಡಿದು, ತಪ್ಪು ಒಪ್ಪಿಕೊಂಡು ಕಾಲಿಗೆ ಬೀಳಬೇಕೆಂದೇ ಬೋರಾಮಣಿಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಗುಡಿಯ ಮುದುಕ ಪೂಜಾರಿ ಗೊಲ್ಲಾಳಪ್ಪ ಫೋಟೋ ಕಸಿದುಕೊಂಡು ನೋಡಿ, ಕೈ ಜೋಡಿಸಿ ನಿಂತುಬಿಟ್ಟ.

"ನೋಡವ್ವಾ ಹಣಮವ್ವಾ! ಬೀರೋಬಾ ಬೆಳಕಾಗಿ ಬಂದು ನಿನ್ನ ಕೂಸಿನ ಮುಖಾ ಮುದ್ದಾಡ್ಯಾನ. ಯಾರಿಗದ ಇಂಥಾ ಪುಣ್ಯಾ?"

ನಾಲ್ಕು ದಿನದಿಂದ ಕೂಳು ಮುಟ್ಟದೆ ಬಿದ್ದಿದ್ದ ಹಣಮವ್ವ ಎದ್ದು ಕೂತಳು. ಆ ಬಿಳಿ ದುಂಡಿಗೆ ಭಂಡಾರದ ಅರಿಶಿನ ಹಚ್ಚಿದಳು. ಸಾತಲಿಂಗಪ್ಪನ ಕಡೆ ತಿರುಗಿ, "ಹೌದಲ್ಲೋ ಎಪ್ಪಾ?" ಎಂದು ಕೇಳಿದಳು.

ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಲೆ ಮಾತ್ರ ಅಲ್ಲಾಡಿಸಿದ. ಅಲ್ಲಿಂದ ಬಂದವನು ಮತ್ತೆ ಯಾರ ಫೋಟೋವನ್ನೂ ತೆಗೆಯಲಿಲ್ಲ. ಹೊಸ ಕ್ಯಾಮೆರಾವನ್ನು ಅಣ್ಣಾರಾಯನಿಗೆ ಕೊಟ್ಟು ಅವನದೇ ಅಂಗಡಿಯ ಕತ್ತಲೆ ಕೋಣೆಯಲ್ಲಿ ಬೇರೆಯವರ ಫಿಲಂ ತೊಳೆಯುತ್ತ ಕೂತ. ಪ್ರತಿ ದೀಪಾವಳಿಗೆ ಹಣಮವ್ವ ಬೆಣ್ಣೆಯ ಗಡಿಗೆ ಹೊತ್ತು ಬರುತ್ತಿದ್ದಳು. ಅವಳು ಬಂದ ದಿನ ಅವನು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ. ಆ ಬೆಣ್ಣೆಯನ್ನು ಒಂದು ಸಲವೂ ಬಾಯಿಗೆ ಹಾಕಲಿಲ್ಲ.

*

ಕಟ್ಟೆಯ ಮುಂದೆ ಶಾರದಾಬಾಯಿ ಮೂರು ಕಾಲಿನ ಸ್ಟ್ಯಾಂಡಿಗೆ ಡಬ್ಬಿ ಕೂಡ್ರಿಸಿದಳು. ಫಿಲಂ ಇನ್ನೂ ಹಾಕಿರಲಿಲ್ಲ. ಇದ್ದದ್ದೇ ಒಂದು ತುಣುಕು. ಹೋದ ವರ್ಷದಿಂದ ಹೊರದೇಶದ ಫಿಲಂ ಬರುವುದು ನಿಂತು, ಸಾತಲಿಂಗಪ್ಪ ಸುರುಳಿಯನ್ನು ಕತ್ತರಿಸಿ ಕತ್ತರಿಸಿ ಡಬ್ಬಿಯ ಹೊಳಪು ಹೋಯಿತೇ ಎಂದು ಪರೀಕ್ಷೆ ಮಾಡುತ್ತಿದ್ದ. ಉಳಿದದ್ದು ಒಂದೇ ಒಂದು ಚಿತ್ರಕ್ಕೆ ಸಾಕಾಗುವಷ್ಟು. ಅದನ್ನು ಕರಿ ಕಾಗದದ ಸುರುಳಿಯಲ್ಲಿ ಅವನೇ ಸುತ್ತಿಟ್ಟಿದ್ದ. ಅದು ಈಗ ಅವಳ ಸೆರಗಿನ ಗಂಟಿನಲ್ಲಿತ್ತು.

ಏಳು ವರ್ಷ ಗಂಡ ಈ ಡಬ್ಬಿಗೆ ಮಸಿ ಹಚ್ಚಿ, ಅದು ಉದುರಿದಾಗ ಮತ್ತೆ ಹಚ್ಚಿ ನೋಡುತ್ತಿದ್ದುದನ್ನು ಕಂಡವಳು ಅವಳು. ಹಿಂಬಾಗಿಲು ತೆರೆದು, ಫಿಲಂ ಕೂಡುವ ಜಾಗಕ್ಕೆ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿ, ಲೆನ್ಸಿನ ಕಣ್ಣು ತೆರೆದಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಗ್ಗಿದಳು. ಕಾಗದದ ಮೇಲೆ ಸಾತಲಿಂಗಪ್ಪ ತಲೆಕೆಳಗಾಗಿ ಕೂತಿದ್ದ. ರುಮಾಲಿನ ಸುತ್ತು, ಹಾರದ ಚೆಂಡುಹೂ, ಮಡಿಚಿದ ಮೊಣಕಾಲು ಎಲ್ಲ ನಿಚ್ಚಳ. ಮುಖದ ಮೇಲೆ ಬಿಳಿ ಮಬ್ಬು.

ಮಸಿ ಅರ್ಧ ಕೆಲಸ ಮಾಡಿತ್ತು. ಉಳಿದ ಅರ್ಧದ ಕಾರಣವೂ ಅವಳಿಗೆ ಗೊತ್ತಿತ್ತು. ಲೆನ್ಸಿನ ಬೆನ್ನಿಗೆ ಒಂದು ಹಿತ್ತಾಳೆ ಬಳೆ, ಸವೆದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಲ್ಲಿಗೆ ಕುಂಚ ಮುಟ್ಟುವುದಿಲ್ಲ, ಅದರ ತಿರುಪು ತುಕ್ಕು ಹಿಡಿದಿತ್ತು. ಎದುರು ಬಿಳಿ ಗೋಡೆಯಿದ್ದರೆ ಆ ಬಳೆ ಸುಮ್ಮನಿರುವುದಿಲ್ಲ.

"ಇವರನ್ನ ಆ ನೆಳ್ಳಿಗೆ ಸರಸ್ರಿ," ಅಂದಳು.

"ಕುಂದ್ರಿಸಿದ ಮ್ಯಾಲ ಎತ್ತೂದು ಒಂದ ಸಲ ತಾಯಿ, ಅದೂ ಮಣ್ಣಿಗೇ," ಅಂದರು ಅಯ್ಯನವರು. ಅದಕ್ಕೆ ಯಾರೂ ಎದುರಾಡುವಂತಿರಲಿಲ್ಲ.

"ಹಂಗಾದ್ರ ಹಿಂದ ಕರೇದೊಂದು ಕಟ್ಟಬೇಕು. ಯಾರ ಮನ್ಯಾಗರೆ ಕರೇ ಅರಿವಿ ಅದ ಏನ್ರಿ? ದೊಡ್ಡದು?"

ಓಣಿಯವರು ಮುಖ ಮುಖ ನೋಡಿಕೊಂಡರು. ಮನೆಮನೆಗೂ ಸೋಲಾಪುರದ ಚಾದರಗಳು. ಕೆಂಪು, ಹಸಿರು, ಹೂಬಳ್ಳಿ. ಕರಿದು ಮನೆಯಲ್ಲಿ ಇಟ್ಟುಕೊಳ್ಳುವವರು ಯಾರು?

ಹಣಮವ್ವ ಹೆಗಲಿನಿಂದ ಕಂಬಳಿ ಇಳಿಸಿದಳು. "ಇದು ಆಗ್ತದೇನವ್ವಾ?"

"ಆಗ್ತದ," ಅಂದಳು ಶಾರದಾಬಾಯಿ.

ಹಣಮವ್ವ ಕಟ್ಟೆ ಹತ್ತಿ, ಹೆಣದ ಮಗ್ಗುಲಿಗೆ ನಿಂತು ಕಂಬಳಿಯನ್ನು ಎರಡು ಕೈಯಲ್ಲಿ ಅಗಲ ಮಾಡಿ ಹಿಂದಿನ ಗೋಡೆಗೆ ಅಡ್ಡ ಹಿಡಿದಳು. ಶಾರದಾಬಾಯಿ ಮತ್ತೆ ಬಗ್ಗಿ ನೋಡಿದಳು. ಮಬ್ಬು ಹೋಗಿತ್ತು. ಗಂಡನ ಮುಖ, ಹುಬ್ಬಿನ ಮೇಲಿನ ಹಳೆಯ ಕಲೆ, ಬೆಳಿಗ್ಗೆ ಯಾರೋ ಅವಸರದಲ್ಲಿ ಬೋಳಿಸಿದ ಗಲ್ಲ, ಎಲ್ಲವೂ ಇತ್ತು. "ಬಂದ್ರು," ಎಂದಳು ತನ್ನಷ್ಟಕ್ಕೇ. ಅಷ್ಟೊತ್ತೂ ಬಾರದ ಅಳು ಅವಳಿಗೆ ಆಗ ಬಂತು.

"ಏನ್ ಕಾಣತದವ್ವಾ?" ಹಣಮವ್ವ ಕಂಬಳಿ ಇಳಿಸಿ ಕೆಳಗೆ ಬಂದಳು. "ಕಂಬಳಿ ಹಿಡದ್ರ ಏನಾಗ್ತದ? ನಾನೂ ಒಂದೀಟು ನೋಡ್ಲ್ಯಾ?"

*

ಮೂರು ದಿನದ ಹಿಂದೆ ಸಾತಲಿಂಗಪ್ಪ ಗೋಡೆಯ ಗೂಡು ತೋರಿಸಿ, ಕ್ಯಾಮೆರಾದ ಚರ್ಮದ ಚೀಲ ತರಿಸಿಕೊಂಡಿದ್ದ. ಅದರ ತಳದಿಂದ ಒಂದು ಸಣ್ಣ ಫೋಟೋ ತೆಗೆದು ಹೆಂಡತಿಯ ಕೈಯಲ್ಲಿಟ್ಟ. ಬರೀ ಒಂದು ಕಿವಿ. ಎಳೆಯ ಕಿವಿ, ಅದರಲ್ಲಿ ಮುರುವಿನ ಒಂದು ಪುಟ್ಟ ಉಂಗುರ.

"ಇದು ಯಾರದ್ರೀ?"

"ಅಮೋಗಸಿದ್ಧಂದು." ಅವನು ದಮ್ಮು ಹತ್ತಿ ನಿಂತು ನಿಂತು ಹೇಳಿದ. "ಆ ಬಿಳೇದರ ಅಂಚಿನ್ಯಾಗ ಸಿಕ್ತು. ಏಳು ವರ್ಷ ನೋಡಿದೆ. ಫಿಲಮ್ಮಿಗೆ ಔಷಧಾ ಹಾಕಿದೆ, ದೀಪದ ಕೆಳಗ ಅರ್ಧಾ ಅರ್ಧಾ ತಾಸು ಇಟ್ಟೆ. ಕಣ್ಣು ಬರಲಿಲ್ಲ. ಬಾಯಿ ಬರಲಿಲ್ಲ. ಇದೊಂದು ಕಿವಿ ಬಂತು."

"ಕೊಟ್ಟ ಬರಬೇಕಿಲ್ಲೇನ್ರಿ ಆಕೀಗಿ?"

"ಕೊಟ್ರ ಕೇಳ್ತಾಳಲ್ಲ. ದೇವರು ಮುದ್ದಾಡಿದ ಮುಖದಾಗ ಕಿವಿ ಹೆಂಗ ಬಂತು ಅಂತ." ಅವನು ಗೋಡೆಯ ಕಡೆ ಹೊರಳಿದ. "ನನ್ನ ಕೈಲೆ ಆಗ್ಲಿಲ್ಲ ಶಾರದಾ. ಹೆದರಿಕಿ. ನೀ ಹೇಳು. ಆಕಿ ಬಂದ್ರ ಹೇಳು, ಆಮ್ಯಾಲ ಇದನ್ನ ಕೊಡು. ನನಗ ಆಣಿ ಮಾಡು."

ಅವಳು ಆಣೆ ಮಾಡಿದ್ದಳು.

*

ಹಣಮವ್ವ ಉತ್ತರಕ್ಕೆ ಕಾದು ನಿಂತಿದ್ದಳು. ಶಾರದಾಬಾಯಿಯ ತಲೆಯಲ್ಲಿ ಲೆಕ್ಕ ಓಡಿತು. ಈಗ ಬೇಡ ಎಂದರೆ ಕಂಬಳಿ ಮತ್ತೆ ಮೇಲೇರುತ್ತದೆ, ಚಿತ್ರ ಬೀಳುತ್ತದೆ, ಗಂಡನ ಮುಖ ಮನೆಯಲ್ಲಿ ಉಳಿಯುತ್ತದೆ. ಆಮೇಲೆ ಹೇಳಿದರಾಯಿತು. ಹೇಳಬೇಕಾದದ್ದು ಹೇಳುವುದೇ, ಒಂದು ಗಳಿಗೆ ಆಚೆ ಈಚೆ. ಆದರೆ ಸುಳ್ಳಿನ ಕಂಬಳಿಯ ಮುಂದೆ ಅವನನ್ನು ಕೂಡ್ರಿಸಿ ತೆಗೆದ ಆ ಫೋಟೋವನ್ನು ದಿನಾ ಹೇಗೆ ನೋಡುವುದು? ನಡೀತದ ಅಂದವನೇ ಒಬ್ಬ ಹೊರಗೆ ಕೂತಿದ್ದಾನೆ. ಮತ್ತೆ ತಾನೂ ನಡೀತದ ಅನ್ನಬೇಕೇ?

"ನೋಡವ್ವಾ," ಅಂದು ಪಕ್ಕಕ್ಕೆ ಸರಿದಳು.

ಹಣಮವ್ವ ಬಗ್ಗಿದಳು. ಶಾರದಾಬಾಯಿ ತನ್ನ ಸೆರಗನ್ನೇ ಅವಳ ತಲೆಯ ಮೇಲೆ ಹೊದಿಸಿದಳು.

"ತಲಿಕೆಳಗ ಕುಂತಾರಲ್ಲ!"

"ಡಬ್ಬ್ಯಾಗ ಹಂಗ ಕಾಣೂದು."

"ಮುಖದ ಮ್ಯಾಲ ಬೆಳ್ಳಗ ಏನದು?" ಹಣಮವ್ವನ ದನಿ ಸಣ್ಣದಾಯಿತು. "ದುಂಡಕ. ಬೆಳಕು."

ಶಾರದಾಬಾಯಿ ಗಿರಿಜಾಬಾಯಿಗೆ ಸನ್ನೆ ಮಾಡಿದಳು. ಗಿರಿಜಾಬಾಯಿ ಏನೂ ತಿಳಿಯದೆ ಕಂಬಳಿ ತೆಗೆದುಕೊಂಡು ಕಟ್ಟೆ ಹತ್ತಿ ಗೋಡೆಗೆ ಅಡ್ಡ ಹಿಡಿದಳು.

"ಹೋತು," ಅಂದಳು ಹಣಮವ್ವ.

"ಇಳಸ್ರಿ."

"ಬಂತು."

ಹಣಮವ್ವ ಬಹಳ ಹೊತ್ತು ಬಗ್ಗಿಯೇ ಇದ್ದಳು. ಸೆರಗಿನ ಕೆಳಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಎದ್ದಾಗ ಅವಳು ಅಳುತ್ತಿರಲಿಲ್ಲ.

"ಬೀರೋಬಾ ಬಂದಿರಲಿಲ್ಲ?"

"ಇಲ್ಲವ್ವಾ. ಒಳಗ ಬಣ್ಣ ಹೋಗಿತ್ತು. ತಗಡು ಹೊಳದದ್ದದು."

"ಅಂವಗ ಗೊತ್ತಿತ್ತು?"

"ಗೊತ್ತಿತ್ತು. ಫೋಟೋ ತಗಿಯೂ ಮೊದಲ ಗೊತ್ತಿತ್ತು. ಚೀಲದಾಗ ಛಲೋದು ಇತ್ತು, ತಗೀಲಿಲ್ಲ."

ಭಜನೆಯವರ ತಾಳ ನಿಂತಿತ್ತು. ಹಣಮವ್ವ ಕಟ್ಟೆಯ ಮೇಲೆ ಕೂತವನನ್ನು ನೋಡಿದಳು.

"ಏಳು ವರ್ಷ ನಾ ಒಂದು ತಗಡಿಗೆ ಭಂಡಾರ ಹಚ್ಚೀನಿ," ಅಂದಳು. "ಕೂಸಿನ ಮುಖಾ ಮರತ್ರೂ ಚಿಂತಿಲ್ಲ, ದೇವರ ಹಂತ್ಯಾಕ ಅದ ಅಂತ ಮರತೀನಿ. ಮರೀಲಿಕ್ಕೆ ಬಿಟ್ಟೀನವ್ವಾ ನಾನ! ನೆನಸಿ ಇಟ್ಕೋತಿದ್ನಲ್ಲ!"

ಶಾರದಾಬಾಯಿ ಸೆರಗಿನ ಗಂಟು ಬಿಚ್ಚಿ ಆ ಸಣ್ಣ ಫೋಟೋ ಮುಂದೆ ಹಿಡಿದಳು. "ಇದೊಂದು ಕಿವಿ ಸಿಕ್ಕದ. ಅವರ ತಗದಾರ. ತಗೋ."

ಹಣಮವ್ವ ಅದರ ಕಡೆ ಕಣ್ಣು ಹಾಯಿಸಲಿಲ್ಲ. ಗಿರಿಜಾಬಾಯಿಯ ಕೈಯಿಂದ ಕಂಬಳಿ ಎಳೆದುಕೊಂಡು, ಹೆಗಲಿಗೆ ಹಾಕಿ, ಮಂದಿಯನ್ನು ಸರಿಸಿಕೊಂಡು ಹೊರಟುಹೋದಳು.

ಅಣ್ಣಾರಾಯ ಮುಂದೆ ಬಂದು ಮೆಲ್ಲಗೆ, "ಅಕ್ಕಾ, ಹಂಗ ಒಂದು ಹೊಡದುಬಿಡು. ಬಂದಷ್ಟು ಬರ್ತದ," ಅಂದ. ಶಾರದಾಬಾಯಿ ಡಬ್ಬಿಯೊಳಗೆ ಇನ್ನೊಮ್ಮೆ ನೋಡಿದಳು. ಬಿಳಿ ಮಬ್ಬು ಗಂಡನ ಮುಖದ ಮೇಲೆ ಜಗ್ಗದೆ ಕೂತಿತ್ತು.

"ಬರಂಗಿಲ್ಲ," ಅಂದಳು. "ಎತ್ರಿ ಅವರನ್ನ."

*

ಊರ ಹೊರಗಿನ ಹೊಲದಲ್ಲಿ ಕುಣಿ ತೆಗೆದಿದ್ದರು. ಹೆಣ ಹೊತ್ತು ತಂದ ವಿಮಾನ ಇಳಿಸಿ, ಸಾತಲಿಂಗಪ್ಪನನ್ನು ಕೈಮೇಲೆ ಕೆಳಗೆ ಇಳಿಸಿ, ಮೆಟ್ಟಿಲಿನಂತೆ ಕಡಿದ ಪಾವಟಿಗೆಯ ಎದುರಿಗೆ ಮುಖ ಮಾಡಿ ಕೂಡ್ರಿಸಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಹೊತ್ತು ಪಡುವಣಕ್ಕೆ ವಾಲಿತ್ತು.

ಶಂಕರೆಪ್ಪ ಕಂಕುಳಲ್ಲಿ ಒಂದು ಚೀಲ ಹಿಡಿದು ಮುಂದೆ ಬಂದ. ಡಬ್ಬಿ ಅದರೊಳಗಿತ್ತು.

"ಇದನ್ನೂ ಒಳಗ ಇಡ್ರಿ," ಅಂದ. "ಹೆಣದ ಡಬ್ಬಿ ಹೆಣದ ಜೋಡಿ ಹೋಗ್ಲಿ. ಮನ್ಯಾಗ ಬ್ಯಾಡ. ವೈನಿ, ನೀ ಏನ್ ಅನ್ನಬ್ಯಾಡ. ಆಕಿ ಮುಂದ ನಮ್ಮ ಮರ್ಯಾದಿ ತಗದಿದ್ದು ಸಾಕು."

ಶಾರದಾಬಾಯಿ ಕೊನೆಯ ಸಲ ನೋಡಲೆಂದು ಕುಣಿಯ ಅಂಚಿಗೆ ಬಂದು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಎರೆಯ ಹೊಲ. ಆಳು ಉದ್ದ ತೋಡಿದ ಕುಣಿಯ ನಾಲ್ಕು ಗೋಡೆಯೂ ಹಸಿ ಕರಿ ಮಣ್ಣು. ಎಲ್ಲಿಯೂ ಒಂದು ಹೊಳಪಿಲ್ಲ. ಅವಳ ಗಂಡ ಏಳು ವರ್ಷ ಮಸಿ ಅರೆದು ಅರೆದು ಡಬ್ಬಿಯೊಳಗೆ ತರಲು ಹೆಣಗಿದ ಕಪ್ಪು ಅದು. ಅದರ ನಡುವೆ ಅವನು ಕೂತಿದ್ದ, ಮೇಲಿನಿಂದ ಮುಖಕ್ಕೆ ಇಳಿಬೆಳಕು.

ಅಯ್ಯನವರು ವಿಭೂತಿಯ ಬುಟ್ಟಿ ಎತ್ತಿದರು.

"ತಡೀರಿ!" ಶಾರದಾಬಾಯಿ ಕೂಗಿದಳು. "ವಿಭೂತಿ ಸುರೀಬ್ಯಾಡ್ರಿ. ಬೆಳ್ಳಗಾದ್ರ ಮತ್ತ ಹೊಳೀತದ. ಶಂಕರೆಪ್ಪಾ, ಆ ಡಬ್ಬಿ ಕೊಡು."

"ವೈನಿ, ಇಲ್ಲಿ? ಕುಣಿಯಾಗ?"

"ಕೊಡಂದ್ನಲ್ಲ!"

ಅವಳು ಮಣ್ಣು ಹೊತ್ತ ಬುಟ್ಟಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಡಬ್ಬಿ ಓರೆಯಾಗಿ ಇಟ್ಟು, ಎಣ್ಣೆ ಕಾಗದ ಅಂಟಿಸಿ ನೋಡಿದಳು. ಕೆಳಗಿನಿಂದ ಹೊಳಪಿಲ್ಲ. ಆದರೆ ಪಡುವಣದ ಬಿಸಿಲು ನೇರವಾಗಿ ಲೆನ್ಸಿಗೆ ಬಡಿದು ಕಾಗದವೆಲ್ಲ ಹೊಗೆ ಹೊಗೆ. ಅಂಗೈ ಅಡ್ಡ ಹಿಡಿದಳು, ಸಾಲಲಿಲ್ಲ. ಸೆರಗು ಹಿಡಿದಳು, ಸೆರಗಿನಲ್ಲಿ ಬೆಳಕು ಸೋರಿತು. ಅವಳು ಸುತ್ತ ನೋಡಿದಳು. ಬಿಳಿ ರುಮಾಲು, ಬಿಳಿ ಧೋತರ, ಬಿಳಿ ಟೊಪ್ಪಿಗೆ. ಅಣ್ಣಾರಾಯ ನೆಲ ನೋಡುತ್ತಿದ್ದ.

ತಲೆಯ ಮೇಲೆ ನೆರಳು ಬಿತ್ತು.

ಹಣಮವ್ವ ಹಿಂದೆ ನಿಂತು ಕಂಬಳಿ ಚಾಚಿ ಹಿಡಿದಿದ್ದಳು. ಬೇಲಿಯ ಬೇವಿನ ಮರದ ಕೆಳಗೆ ಅಷ್ಟೊತ್ತೂ ಕೂತಿದ್ದವಳು ಯಾವಾಗ ಎದ್ದು ಬಂದಳೋ ಯಾರೂ ನೋಡಿರಲಿಲ್ಲ.

"ಈಗ?" ಅಂದಳು.

ಶಾರದಾಬಾಯಿ ತಲೆಯೆತ್ತಿ ಅವಳನ್ನು ನೋಡಿದಳು.

"ಅಂವಗಂತ ಹಿಡದಿಲ್ಲ ತಿಳೀತ? ಅಂವಗ ನಾ ಮಾಫ್ ಮಾಡಂಗಿಲ್ಲ. ಮುಖಾ ಇಲ್ದ ದಿನಾ ಹೆಂಗ ಹೋಗ್ತಾವ ನನಗ ಗೊತ್ತದ, ಅದಕ್ಕ ಹಿಡದೀನಿ. ಲಗೂನ ನೋಡು, ಕೈ ಸೋಲ್ತಾವ."

ಶಾರದಾಬಾಯಿ ನೋಡಿದಳು. ಹುಬ್ಬಿನ ಮೇಲಿನ ಕಲೆ ಇತ್ತು. ಗಲ್ಲ ಇತ್ತು. ತುಟಿ ಏನೋ ಹೇಳಲು ಹೋಗಿ ಬಿಟ್ಟಂತಿತ್ತು. ಅದೇ ಕಂಬಳಿಯ ಕೆಳಗೆ ಲೆನ್ಸಿನ ಕಣ್ಣು ಮುಚ್ಚಿ, ಕಾಗದ ಕಿತ್ತು, ಗಂಟಿನಿಂದ ಸುರುಳಿ ತೆಗೆದು ಹಾಕಿ, ಬಾಗಿಲು ಮುಚ್ಚಿ, ಲೆನ್ಸಿನ ಕಣ್ಣು ತೆರೆದು ಬಾಯಿಬಿಟ್ಟು ಎಣಿಸಿದಳು. "ಒಂದು. ಎರಡು. ಮೂರು. ನಾಕು." ಕುಣಿಯಲ್ಲಿ ಕೂತವನು ಅಲುಗಲಿಲ್ಲ. ಹಣಮವ್ವನ ಕೈಯೂ ಅಲುಗಲಿಲ್ಲ. ಲೆನ್ಸಿನ ಕಣ್ಣು ಮುಚ್ಚಿದ ಸಣ್ಣ ಸಪ್ಪಳವಾಯಿತು.

"ಆತೇನು?"

"ಆತು."

ಅಯ್ಯನವರು ವಿಭೂತಿ ಸುರಿದರು. ಬಿಲ್ವಪತ್ರೆ ಬಿತ್ತು. ಶಂಕರೆಪ್ಪ ಮೊದಲ ಹಿಡಿ ಮಣ್ಣು ಹಾಕಿ ಒಮ್ಮೆಲೆ "ಅಣ್ಣಾ" ಎಂದು ಚೀರಿ, ಸಣ್ಣ ಹುಡುಗನ ಹಾಗೆ ಅಳತೊಡಗಿದ. ಸಲಿಕೆಗಳು ಆಡಿದವು. ಮಣ್ಣು ಎದೆಗೆ ಬಂತು, ಗದ್ದಕ್ಕೆ ಬಂತು. ಶಾರದಾಬಾಯಿ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಕಡೆಯವರೆಗೂ ನೋಡಿದಳು.

ಮಂದಿ ಬಾವಿಯ ಕಡೆ ಸ್ನಾನಕ್ಕೆ ಹೊರಟರು. ಹಣಮವ್ವ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು.

"ಆ ಕಿವಿ ಎಲ್ಲಿ? ತಾ."

ಶಾರದಾಬಾಯಿ ಕೊಟ್ಟಳು. ಹಣಮವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳಿನಿಂದ ಮುರುವನ್ನು ಸವರಿದಳು.

"ಅಂವಂದ. ಮುರು ಸಲಗರದ ಅಕ್ಕಸಾಲಿ ಮಾಡಿದ್ದು. ಹಾಕೂವಾಗ ಭಾಳ ಅತ್ತಿದ್ದ."

ಅವಳು ಅಂಗೈಯನ್ನು ಗೂಡು ಮಾಡಿ ಅದರಲ್ಲಿ ಆ ಕಾಗದವನ್ನು ಇಟ್ಟುಕೊಂಡಳು. ಬಾಯಿಯನ್ನು ಅದರ ಹತ್ತಿರ, ತುಟಿ ತಾಗುವಷ್ಟು ಹತ್ತಿರ ತಂದಳು. ಹೊತ್ತು ಮುಳುಗುವ ಹೊತ್ತಿಗೆ ಹಟ್ಟಿಯ ಬಾಗಿಲಲ್ಲಿ ನಿಂತು ಕರೆಯುವವರ ದನಿಯಲ್ಲಿ, ಆದರೆ ಮೆಲ್ಲಗೆ, ಆ ಕಿವಿಯಲ್ಲಿ ಕರೆದಳು.

"ಅಮೋಗಸಿದ್ಧಾ. ಏ ಅಮೋಗಸಿದ್ಧಾ. ಬಾರೋ ಎಪ್ಪಾ."